ತಪಾಸಣೆಗೆ ಕಾದಿರುವ ಅಂಗಡಿ

ಮಾರಾಟ ತೆರಿಗೆಯ ರಿಟರ್ನ್ ಸಲ್ಲಿಸಿದ ಮರುದಿನದಿಂದ ಗುಂಡಿ, ದಾರದ ಅಂಗಡಿಯ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಡುತ್ತಾರೆ, ಕುರ್ಚಿಯೊಂದನ್ನು ಒರೆಸಿಡುತ್ತಾರೆ, ನಲ್ಲಿ ರಿಪೇರಿಯವನ ಚೀಲ ಕಂಡರೂ ಎದ್ದು ನಿಂತು, "ಬನ್ನಿ ಸಾರ್, ಎಲ್ಲಿಂದ ಶುರು ಮಾಡ್ತೀರಾ?" ಎನ್ನುತ್ತಾರೆ. ಪಾಪ, ತಪಾಸಣೆಯ ಭಯಕ್ಕೆ ಮನುಷ್ಯ ಅರ್ಧವಾಗಿಬಿಟ್ಟರು ಎಂದು ಬೀದಿಯೆಲ್ಲ ಮರುಗುತ್ತದೆ. "ಲೆಕ್ಕ ಸರಿ ಇದ್ರೆ ಯಾರೂ ಬರಲ್ಲ ಕಣ್ರೀ," ಎನ್ನುತ್ತಾಳೆ ಹೆಂಡತಿ. "ಅದೇ ನೋಡು ತೊಂದರೆ," ಎನ್ನುತ್ತಾರೆ ಇವರು. ಹಿಂದೊಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಡಬ್ಬಿಗಳನ್ನೆಲ್ಲ ತೆರೆಸಿ ನೋಡಿ, "ಎಷ್ಟು ಚೆಂದ ಜೋಡಿಸಿದ್ದೀರಿ," ಎಂದಿದ್ದರು. ಕೊಳ್ಳಲು ಬಂದವರಿಗೆ ಬೇಕಾದದ್ದು ಒಂದು ಗುಂಡಿ; ಗೋಡೆ ತುಂಬ ಬಣ್ಣಕ್ಕೆ ಬಣ್ಣ ಹೊಂದಿಸಿಟ್ಟ ಆ ಡಬ್ಬಿಗಳನ್ನು ಇಷ್ಟು ವರ್ಷಗಳಲ್ಲಿ ನಿಂತು ನೋಡಿದವರು ಆ ಅಧಿಕಾರಿಯೊಬ್ಬರೇ.