ದನದ ಆಸ್ಪತ್ರೆಯ ನೈಟ್ರೋಜನ್

ದನದ ಆಸ್ಪತ್ರೆಯಿಂದ ಕಾಲೇಜಿಗೆ ಫ್ಲಾಸ್ಕ್ ಹಿಡಿದುಕೊಂಡು ನಡೆದೇ ಬಂದೆ ಎಂದು ನನ್ನ ನೆನಪು. ಡೈರಿಯಲ್ಲಿ ಆಟೋ ಎಂದಿದೆ. ಯಾವುದನ್ನು ನಂಬಬೇಕೋ ತಿಳಿಯದು. ಡೈರಿ ಬರೆಯುವ ಹೊತ್ತಿಗೆ ನಾನು ಬಸ್ಸಿನಲ್ಲಿ ಕುಲುಕಿ ಕುಲುಕಿ ಸೋತಿರುತ್ತೇನೆ. ಮನೆ ಶಿಕಾರಿಪುರದಲ್ಲಿ, ಪಾಠ ಸೊರಬದಲ್ಲಿ. ದಾರಿಯಲ್ಲಿ ಶಿರಾಳಕೊಪ್ಪದಲ್ಲಿ ಬಸ್ಸು ಸುಮ್ಮನೆ ನಿಂತುಬಿಡುತ್ತದೆ. ಇಷ್ಟು ವರ್ಷದ ಓಡಾಟದಲ್ಲಿ ಒಂದು ದಿನವನ್ನು ಇನ್ನೊಂದರಿಂದ ಬೇರೆ ಮಾಡುವುದು ಕಷ್ಟ. ಆದರೆ ಆ ದಿನದ ಕೆಲವು ಸಂಗತಿಗಳಂತೂ ನಡೆದದ್ದೇ.

ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಬಿಡುವಿದ್ದಾಗ ಪಿಎಚ್.ಡಿ. ಮಾಡುತ್ತಿದ್ದೆ, ಅಥವಾ ಪಿಎಚ್.ಡಿ.ಯ ನಡುವೆ ಬಿಡುವು ಹುಡುಕುತ್ತಿದ್ದೆ. ವಿಷಯ ಆಕ್ಸೈಡುಗಳು. ಲೋಹದ ಪರಮಾಣುವಿನ ಸುತ್ತ ಆಕ್ಸಿಜನ್ ಪರಮಾಣುಗಳು ಗೂಡು ಕಟ್ಟಿಕೊಂಡಿರುವ ಒಂದು ದೊಡ್ಡ ಮನೆತನ ಅದು. ಗೂಡಿನ ನಡುವಿನ ಪರಮಾಣು ತುಸುವೇ ಪಕ್ಕಕ್ಕೆ ಸರಿದರೆ ಫೆರೋಎಲೆಕ್ಟ್ರಿಕ್, ಅಂದರೆ ತನ್ನೊಳಗೇ ವಿದ್ಯುತ್ತಿನ ಧ್ರುವಗಳಿರುವ ವಸ್ತು. ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವ ತುಂಡು ಅಂಥದ್ದು. ಬೇರೆ ಲೋಹ ಸೇರಿದರೆ ಕಾಂತ. ತಾಮ್ರ, ಬೇರಿಯಂ, ಯಿಟ್ರಿಯಂ ಸೇರಿಸಿ ಸುಟ್ಟು, ಆಕ್ಸಿಜನ್ ಹಾಯಿಸುತ್ತ ನಿಧಾನವಾಗಿ ತಣಿಸಿದರೆ ಅತಿವಾಹಕ. ಸಾಕಷ್ಟು ಚಳಿಗೆ ಇಳಿಸಿದರೆ ಅದು ವಿದ್ಯುತ್ತಿಗೆ ಕಿಂಚಿತ್ತೂ ಅಡ್ಡಿ ಮಾಡುವುದಿಲ್ಲ. ತಣಿಸುವಾಗ ಆಕ್ಸಿಜನ್ ಸಾಲದೆ ಹೋದರೆ ಮಾತ್ರ ನೋಡಲು ಹಾಗೆಯೇ ಕಪ್ಪಗಿರುವ, ಯಾತಕ್ಕೂ ಬಾರದ ಹೆಂಚಿನ ಚೂರು ಸಿಗುತ್ತದೆ.

ನಾನು ಸುಟ್ಟು ಮಾಡಿದ ಆಕ್ಸೈಡಿನ ಬಿಲ್ಲೆ ಈ ಎರಡರಲ್ಲಿ ಯಾವುದೆಂದು ನನಗೆ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯದ ಕುಲುಮೆಯಲ್ಲಿ ಅದನ್ನು ತಣಿಯಲು ಬಿಟ್ಟು ಬಂದಿದ್ದೆ. ಮರುದಿನ ಹೋಗಿ ನೋಡಿದರೆ ಆಕ್ಸಿಜನ್ ಸಿಲಿಂಡರ್ ಖಾಲಿ. ಯಾವಾಗ ಖಾಲಿಯಾಯಿತು ಎಂದು ಹೇಳುವವರು ಯಾರೂ ಇರಲಿಲ್ಲ. ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಬಿಲ್ಲೆಯ ವಿದ್ಯುತ್ ರೋಧ ಸೊನ್ನೆಗೆ ಬೀಳುವ ಗ್ರಾಫ್ ತೋರಿಸಿದರೆ ಅವಧಿ ವಿಸ್ತರಿಸುತ್ತೇವೆ ಎಂದಿತ್ತು ಸಮಿತಿ. ಅಳೆಯಲು ದ್ರವ ನೈಟ್ರೋಜನ್ ಬೇಕು, ಮತ್ತು ವಿಶ್ವವಿದ್ಯಾಲಯದಲ್ಲಿ ಅದನ್ನು ತಯಾರಿಸುವ ಯಂತ್ರ ಕೆಟ್ಟು ಕುಳಿತಿತ್ತು.

ನಮ್ಮ ಕಡೆ ನೈಟ್ರೋಜನ್ ಇರುವುದು ದನದ ಆಸ್ಪತ್ರೆಯಲ್ಲಿ. ದನಗಳಿಗೆ ಹಾಕುವ ವೀರ್ಯದ ಕಡ್ಡಿಗಳನ್ನು ಅದರಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ತಿಂಗಳಿಗೊಮ್ಮೆ ಲಾರಿ ಬಂದು ಕ್ಯಾನುಗಳನ್ನು ತುಂಬಿಸಿ ಹೋಗುತ್ತದೆ. ಲಾರಿ ಬರುವ ದಿನ ತಳದಲ್ಲಿ ಉಳಿದದ್ದರಲ್ಲಿ ಒಂದಿಷ್ಟನ್ನು ನಿಮಗೆ ಕೊಡುತ್ತೇನೆ, ಹೇಗೂ ಹೊಸದು ಬರುತ್ತದಲ್ಲ ಎಂದು ಡಾಕ್ಟರು ಒಪ್ಪಿದ್ದರು. ಶಿಕಾರಿಪುರ ಬಸ್ ನಿಲ್ದಾಣದಲ್ಲಿ ಪರಿಚಯವಾದವರು, ನನ್ನಂತೆಯೇ ದಿನಾ ಓಡಾಡುವವರು. ಆ ದಿನ ಅವರು ಅಳತೆಯ ಕಪ್ಪು ಕೋಲನ್ನು ಕ್ಯಾನಿನೊಳಗೆ ಅದ್ದಿ ಮೇಲೆತ್ತಿ ಬೀಸಿದರು. ಕೋಲಿನ ತುದಿಗೆ ಬಿಳಿ ಹಿಮ ಕೂತಿತು. ಅದು ಎಲ್ಲಿಯವರೆಗೆ ಕೂರುತ್ತದೋ ಅಷ್ಟು ನೈಟ್ರೋಜನ್. ನನ್ನ ಫ್ಲಾಸ್ಕಿಗೆ ಸುರಿದುಕೊಟ್ಟರು.

ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಸಿದ್ಧವಿತ್ತು. ಬಿಲ್ಲೆಗೆ ಬೆಳ್ಳಿಯ ಅಂಟಿನಲ್ಲಿ ನಾಲ್ಕು ತಂತಿ ಅಂಟಿಸಿ ಸಲಾಕೆಗೆ ಕಟ್ಟಿದ್ದೆ. ಫ್ಲಾಸ್ಕಿನ ಬಾಯಿಂದ ಏಳುವ ತಣ್ಣನೆಯ ಹಬೆಯಲ್ಲಿ ಸಲಾಕೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಅಳತೆ ಬರೆದುಕೊಳ್ಳುತ್ತ ಹೋದೆ. ರೋಧ ನೇರ ಗೆರೆಯಲ್ಲಿ ಇಳಿಯುತ್ತಿತ್ತು. ಅದರಿಂದ ಏನೂ ಹೇಳಲಾಗದು. ಅರೆಬರೆ ಆಕ್ಸಿಜನ್ ಕುಡಿದ ಬಿಲ್ಲೆಯೂ ಅಲ್ಲಿಯವರೆಗೆ ಹಾಗೆಯೇ ಇಳಿಯುತ್ತದೆ. ಉಷ್ಣತೆ ತೊಂಬತ್ತು ಕೆಲ್ವಿನ್‌ಗಿಂತ ಕೆಳಗಿಳಿಯುವಾಗ ರೋಧ ಸೊನ್ನೆಗೆ ಬೀಳುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ನೂರರ ಹತ್ತಿರ ಬಂದಿದ್ದಾಗ ಫೋನ್ ಬಂತು.

ಡಾಕ್ಟರು. "ಮೇಡಂ, ಲಾರಿ ಕೆಟ್ಟು ನಿಂತೈತಂತ್ರೀ. ಇವತ್ತು ಬರಲ್ಲ, ನಾಳೆನೂ ಡೌಟು. ಕ್ಯಾನಲ್ಲಿ ನೋಡಿದ್ರೆ ತಳ ಕಾಣ್ತೈತಿ. ನಿಮ್ಮತ್ರ ಎಷ್ಟು ಉಳಿದೈತೆ?"

ಅರ್ಧ ಫ್ಲಾಸ್ಕ್ ಎಂದೆ.

"ಅಷ್ಟಾದ್ರೂ ತಂದುಬಿಡ್ರೀ. ಕಡ್ಡಿ ಒಣಗಿದ್ರೆ ಎಲ್ಲ ಹೋದಂಗೆ."

ನಾನು ಸಲಾಕೆಯನ್ನು ಮೇಲೆತ್ತಿದೆ. ಬಿಲ್ಲೆಯ ಮೇಲೆ ಹಿಮ ಕೂತು ನೋಡನೋಡುತ್ತ ನೀರಾಯಿತು. ಈ ಆಕ್ಸೈಡಿಗೆ ನೀರೇ ಶತ್ರು. ಒರೆಸಿ ಡಬ್ಬಿಗೆ ಹಾಕಿ ಫ್ಲಾಸ್ಕ್ ಹಿಡಿದು ಹೊರಟೆ.

ಇಷ್ಟೇ ಆಗಿದ್ದರೆ ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಹೊರಡುವ ಮುಂಚೆ ಬಿಲ್ಲೆಯನ್ನು ಒಮ್ಮೆ, ತೊಂಬತ್ತಕ್ಕಿಂತ ತಣ್ಣಗಿರುವ ದ್ರವದಲ್ಲೇ ಮುಳುಗಿಸಿ ಮೀಟರ್ ನೋಡಬಹುದಿತ್ತು. ಗ್ರಾಫ್ ಸಿಗುತ್ತಿರಲಿಲ್ಲ, ಅತಿವಾಹಕ ಹೌದೋ ಅಲ್ಲವೋ ಎಂಬುದಂತೂ ತಿಳಿಯುತ್ತಿತ್ತು. ಅದಕ್ಕೆ ಹೆಚ್ಚು ನೈಟ್ರೋಜನ್ ಖರ್ಚಾಗುತ್ತಿರಲಿಲ್ಲ. ಹಾಗೆ ಒಮ್ಮೆಲೇ ಮುಳುಗಿಸಿದರೆ ಬಿಲ್ಲೆ ಒಡೆಯಬಹುದು, ತಂತಿ ಕಳಚಬಹುದು ಎಂದು ಆಗ ಯೋಚಿಸಿದೆ. ಆಗ ಯೋಚಿಸಿದೆನೋ, ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದೆನೋ ಖಚಿತವಿಲ್ಲ.

ಆಸ್ಪತ್ರೆಯ ಜಗುಲಿಯಲ್ಲಿ ಸೊರಬ ತಾಲ್ಲೂಕಿನ ಉಳವಿಯಿಂದ ಬಂದ ಹೆಂಗಸೊಬ್ಬರು ಕೂತಿದ್ದರು. ಬೆಳಿಗ್ಗೆ ಅವರ ದನ ಬೆದೆಗೆ ಬಂದಿತ್ತು. ಬೆಳಿಗ್ಗೆ ಬೆದೆಗೆ ಬಂದ ದನಕ್ಕೆ ಸಂಜೆ ಕಡ್ಡಿ ಹಾಕಬೇಕು. ಡಾಕ್ಟರು ಚಿಕ್ಕ ಕ್ಯಾನಿನಲ್ಲಿ ಕಡ್ಡಿಯನ್ನು ಉಳವಿಗೆ ಒಯ್ಯಬೇಕಿತ್ತು, ಆದರೆ ಚಿಕ್ಕ ಕ್ಯಾನಿಗೆ ನೈಟ್ರೋಜನ್ ಇರಲಿಲ್ಲ. ನನ್ನ ಫ್ಲಾಸ್ಕಿನಿಂದ ಹೊಗೆ ಏಳುವುದನ್ನು ನೋಡಿ ಆಕೆ, ನೀವೂ ದನ ಸಾಕಿದೀರಾ ಎಂದು ಕೇಳಿದರು.

ನನಗಿಂತ ಮುಂಚೆ ಡಾಕ್ಟರೇ ಹೇಳಿದರು. "ಅವರು ಸಾಕಿರೋದು ಕಲ್ಲು ಕಣಮ್ಮ. ಅದಕ್ಕೂ ಇದೇ ಬೇಕಂತೆ."

"ಕಲ್ಲಿಗೆ ಎಂತ ಅರ್ಜೆಂಟು ಮಾರಾಯ್ರೆ? ಅದು ನಾಳೆಗೂ ಕಲ್ಲೇ ಅಲ್ವಾ. ನಮ್ಮ ದನ ಕಾಯ್ತದಾ?"

ನಾನೂ ನಕ್ಕೆ. ನಮ್ಮ ಹವೆಯಲ್ಲಿ ಈ ಕಲ್ಲು ನಾಳೆಗೆ ಇದೇ ಕಲ್ಲಾಗಿ ಉಳಿಯುವುದಿಲ್ಲ ಎಂದು ವಿವರಿಸುವ ಶಕ್ತಿ ಇರಲಿಲ್ಲ. ಎರಡು ಸಲ ಗಬ್ಬ ನಿಲ್ಲದ ದನವಂತೆ. ಈ ಸಲವೂ ನಿಲ್ಲದಿದ್ದರೆ ಮನೆಯವರು ಮಾರಿಬಿಡುತ್ತಾರೆ ಎಂದು ಆಕೆ, ಫ್ಲಾಸ್ಕಿನದನ್ನು ಚಿಕ್ಕ ಕ್ಯಾನಿಗೆ ಸುರಿದುಕೊಳ್ಳುತ್ತಿದ್ದ ಡಾಕ್ಟರಿಗೆ ಹೇಳುತ್ತಿದ್ದುದು ಕೇಳಿಸಿತು.

ಮುಂದೆ ಸಮಿತಿಯ ಎದುರು ನೂರರ ಹತ್ತಿರ ನಿಂತುಹೋದ ಗ್ರಾಫನ್ನೇ ತೋರಿಸಿದೆ. ಇಲ್ಲಿಗೇ ಯಾಕೆ ನಿಲ್ಲಿಸಿದಿರಿ ಎಂದು ಹಿರಿಯರೊಬ್ಬರು ಕೇಳಿದರು. ನೈಟ್ರೋಜನ್ ಸಾಲಲಿಲ್ಲ ಎಂದೆ. ಅವರು ತಮ್ಮ ಯಂತ್ರದ ಸ್ಥಿತಿ ನೆನೆದೋ ಏನೋ ಮತ್ತೆ ಕೆದಕಲಿಲ್ಲ. ಅವಧಿಯನ್ನು ಸ್ವಲ್ಪವೇ ವಿಸ್ತರಿಸಿದರು. ದನದ ವಿಚಾರ ನಾನು ಎತ್ತಲಿಲ್ಲ. ಎತ್ತಿದ್ದರೆ ನಗುತ್ತಿದ್ದರು, ಮೆಚ್ಚಿಕೊಳ್ಳುತ್ತಲೂ ಇದ್ದರು. ಆ ಮೆಚ್ಚುಗೆ ನನಗೆ ಸಲ್ಲುತ್ತದೋ ಇಲ್ಲವೋ ಗೊತ್ತಿರಲಿಲ್ಲ. ದನಕ್ಕಾಗಿ ಬಿಟ್ಟುಕೊಟ್ಟೆನೋ, ಗೆರೆ ಬೀಳದಿದ್ದರೆ ಅದನ್ನು ನೋಡಬೇಕಾಗುತ್ತದಲ್ಲ ಎಂದು ಹೆದರಿ ಬಿಟ್ಟುಕೊಟ್ಟೆನೋ?

ಸೊರಬದ ಬಸ್ ನಿಲ್ದಾಣದಲ್ಲಿ ಉಳವಿಯ ಆಕೆ ಸಿಕ್ಕಾಗ ನಾನಾಗಿ ಮಾತಾಡಿಸಿದೆ. "ಈ ಸಲನೂ ನಿಲ್ಲಿಲ್ಲ ಕಣ್ರೀ," ಎಂದರು. ದನವನ್ನು ಕೊಟ್ಟುಬಿಟ್ಟಿದ್ದರು. ಆಮೇಲೆ ಕೇಳಿದರು, "ನಿಮ್ಮ ಕಲ್ಲಿನ ಕತೆ ಎಂತ ಆತು?"

ಗೊತ್ತಾಗಲಿಲ್ಲ ಎಂದೆ.

"ಗೊತ್ತಾಗ್ಲಿಲ್ವಾ? ನಮಗೆ ಅದಾದ್ರೂ ಗೊತ್ತಾತು ಬಿಡಿ."

ಆನವಟ್ಟಿ ಕಡೆಯ ಬಸ್ಸು ಬಂದು ಜನ ನುಗ್ಗಿದರು. ಆಕೆ ಎತ್ತ ಹೋದರೋ ಕಾಣಲಿಲ್ಲ.

ಮುಂದಿನ ಸಲ ಲಾರಿ ಬಂದು ಕ್ಯಾನುಗಳೆಲ್ಲ ತುಂಬಿದ ಮೇಲೆಯೇ ಫ್ಲಾಸ್ಕ್ ಒಯ್ದೆ. ಅಷ್ಟರಲ್ಲಿ ಹೊಸ ಬಿಲ್ಲೆಯೊಂದನ್ನು ಸುಟ್ಟಿದ್ದೆ. ಈ ಸಲ ಕುಲುಮೆಯ ಪಕ್ಕದಲ್ಲೇ ಕೂತು ಸಿಲಿಂಡರ್ ಕಾದಿದ್ದೆ. ಆದರೆ ಲ್ಯಾಬಿಗೆ ಹೋಗಿ ಮೊದಲು ಹೊರತೆಗೆದದ್ದು ಹಳೆಯ ಬಿಲ್ಲೆ. ಅದರ ಮೇಲೆ ಬಿಳಿ ಹುಡಿ ಬಂದಿತ್ತು. ತಂತಿಗಳು ಹಾಗೆಯೇ ಇದ್ದವು. ಸಲಾಕೆಗೆ ಕಟ್ಟಿ, ನಿಧಾನವಾಗಿ ಇಳಿಸದೆ ಒಂದೇ ಸಲಕ್ಕೆ ದ್ರವದೊಳಗೆ ಮುಳುಗಿಸಿದೆ. ನೈಟ್ರೋಜನ್ ಕೊತಕೊತ ಕುದಿದು ಶಾಂತವಾಯಿತು.

ಮೀಟರ್ ಸೊನ್ನೆಗೆ ಬರಲಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇಷ್ಟು ದಿನದ ತೇವ ಒಳ್ಳೆಯ ಬಿಲ್ಲೆಯನ್ನೂ ಹಾಗೆ ಮಾಡಬಲ್ಲದು. ಆದರೆ ಮೇಲೆತ್ತಿ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ: ಆ ದಿನ ಅಂಜಿದ ಹಾಗೆ ಎಲ್ಲೂ ಬಿರುಕಿರಲಿಲ್ಲ, ಒಂದು ತಂತಿಯೂ ಕಳಚಿರಲಿಲ್ಲ. ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದೆ. ಆಮೇಲೆ ಹೊಸದನ್ನು ಸಲಾಕೆಗೆ ಕಟ್ಟತೊಡಗಿದೆ.