ಪರದೆಗೆ ಬೆನ್ನು ಹಾಕಿದ ಶಾಯರ್

ಸಿನಿಮಾ ಸಂಕಲನದ ಕೋಣೆಯಲ್ಲಿ ತಿಂಗಳ ಸಂಬಳಕ್ಕೆ ಸೇರಿದ ಮೊದಲ ದಿನವೇ ನನ್ನ ಬುದ್ಧಿವಂತಿಕೆ ಊರಿಗೆಲ್ಲ ಗೊತ್ತಾಯಿತು. ಪರದೆಯ ಮೇಲೆ ಸಿನಿಮಾ ಓಡುತ್ತಿತ್ತು. ಬಿಳಿಗಡ್ಡದ ಹಿರಿಯರೊಬ್ಬರು ಅದಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ಕೂತಿದ್ದರು. ಪಾಪ, ಕಣ್ಣು ಕಾಣದವರು, ಯಾರೋ ತಿರುಗಾಮುರುಗಾ ಕೂರಿಸಿದ್ದಾರೆ ಎಂದುಕೊಂಡೆ. ಅವರು ಎದ್ದದ್ದೇ ತಡ, ಓಡಿಹೋಗಿ ಕೈ ಹಿಡಿದು, "ಇಲ್ಲಿ ಮೆಟ್ಟಿಲಿದೆ ಸಾರ್, ಇಲ್ಲಿ ವೈರಿದೆ ಸಾರ್" ಎನ್ನುತ್ತ ಬಚ್ಚಲಿನವರೆಗೆ ನಡೆಸಿಕೊಂಡು ಹೋದೆ. ಅವರೂ ನಾನು ಹೇಳಿದಲ್ಲೆಲ್ಲ ಕಾಲೆತ್ತಿಟ್ಟರು. ವಾಪಸು ಬರುವಾಗ ಮಾತ್ರ ತಾವೇ ನನ್ನ ತೋಳು ಹಿಡಿದರು.

"ನಿಧಾನಕ್ಕೆ ಬಾಪ್ಪಾ. ನಿನ್ನ ಷೂ ದಾರ ಬಿಚ್ಚಿದೆ."

ಆ ಸಿನಿಮಾದ ನಿರ್ದೇಶಕರೇ ಅವರು. ಎಲ್ಲರ ಬಾಯಲ್ಲೂ ಅವರು ಶಾಯರ್, ಅಂದರೆ ಉರ್ದು ಕವಿ.

ಶಾಯರ್ ಹುಟ್ಟಿದ್ದು ಪುಸ್ತಕಕ್ಕೆ ರಟ್ಟು ಹಾಕುವವರ ಮನೆಯಲ್ಲಿ. ಅಪ್ಪ ಬೇಗ ತೀರಿಕೊಂಡಾಗ ದಬ್ಬಣ, ದಾರ, ಅಂಟಿನ ಡಬ್ಬಿ ಅಕ್ಕನ ಕೈಗೆ ಬಂದವು. ತಮ್ಮನೂ ಅವುಗಳ ಜೊತೆಗೇ ಬಂದ. ಅಕ್ಕ ಹೊಲಿಯುತ್ತಿದ್ದಳು, ತಮ್ಮ ಹಾಳೆ ಮಡಚುತ್ತಿದ್ದ. ಮಡಚುವುದಕ್ಕಿಂತ ಓದುವುದೇ ಹೆಚ್ಚು. ಒಂದೊಂದು ದೊಡ್ಡ ಹಾಳೆಯಲ್ಲಿ ಹದಿನಾರು ಪುಟ; ಮಡಚುವ ಮೊದಲು ಒಂದನೆಯ ಪುಟದ ಮಗ್ಗುಲಿಗೆ ಹದಿನಾರನೆಯದು ಅಚ್ಚಾಗಿರುತ್ತಿತ್ತು. ಹಾಗಾಗಿ ನಾಯಕ ಸತ್ತ ಮೇಲೆ ಅವನ ಮದುವೆಯನ್ನು ಓದಿ ಅಭ್ಯಾಸ.

ಬೆಳೆದ ಮೇಲೆ ಉರ್ದು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ, ಸಂಜೆಯಾದರೆ ಕವಿಗೋಷ್ಠಿ. ಅಲ್ಲಿ ಪದ್ಯ ಹೇಳುವ ರೀತಿಯೇ ಬೇರೆ. ಮೊದಲ ಸಾಲನ್ನು ಹೇಳಿ ನಿಲ್ಲಿಸಬೇಕು. ಕೂತವರು 'ಇನ್ನೊಮ್ಮೆ' ಎನ್ನುತ್ತಾರೆ. ಅದೇ ಸಾಲನ್ನು ಮತ್ತೆ ಹೇಳಿ, ಅವರ ಹಸಿವು ನೆತ್ತಿಗೇರಿದ ಮೇಲೆ ಎರಡನೆಯದನ್ನು ಬಿಡಬೇಕು. ಈ ಸತಾಯಿಸುವ ಕಲೆಯಲ್ಲಿ ಶಾಯರ್‌ನನ್ನು ಮೀರಿಸುವವರಿರಲಿಲ್ಲ. ಕಣ್ಣು ಹಾಳೆಯ ಮೇಲಲ್ಲ, ಯಾವಾಗಲೂ ಎದುರಿನ ಮುಖಗಳ ಮೇಲೆ.

ಆಮೇಲೆ ಸಿನಿಮಾಕ್ಕೆ ಹಾಡು ಬರೆಯಲು ಹೋದವನು ಅಲ್ಲೇ ಬೇರು ಬಿಟ್ಟ. ತನ್ನದೇ ಸಿನಿಮಾ ಮಾಡುವ ಕಾಲ ಬಂದಾಗ ಗೋಷ್ಠಿಯ ರೂಢಿಯನ್ನೂ ಹೆಗಲಿಗೇರಿಸಿಕೊಂಡು ಹೋದ. ಮುಖ್ಯವಾದ ದೃಶ್ಯಗಳನ್ನೆಲ್ಲ ಎರಡೆರಡು ಸಲ ತೋರಿಸಿದ! ನಾಯಕಿ ಕಿಟಕಿ ಮುಚ್ಚುತ್ತಾಳೆ. ಮತ್ತೆ ಅದೇ ಕಿಟಕಿ ಮುಚ್ಚುತ್ತಾಳೆ. ಜನ ಸಿಳ್ಳೆ ಹಾಕಿದರು, ಕುರ್ಚಿ ಕುಟ್ಟಿದರು. ಯಂತ್ರ ಓಡಿಸುವವನು ಹೊರಗೆ ಬಂದು, "ತಪ್ಪು ನಂದಲ್ರೀ, ರೀಲೇ ಹಿಂಗಿದೆ" ಎಂದು ಕೈ ಮುಗಿದ. ಶಾಯರ್ ಮಾತ್ರ ಹಿಂದಿನ ಸಾಲಿನಲ್ಲಿ ಬೀಗುತ್ತ ಕೂತಿದ್ದ. 'ಇನ್ನೊಮ್ಮೆ' ಎಂದೇ ಕೂಗುತ್ತಿದ್ದಾರೆಂದು ಅವನ ನಂಬಿಕೆ. ಪಕ್ಕದಲ್ಲಿದ್ದ ಅಕ್ಕ ತೊಡೆ ಚಿವುಟಿದಾಗ ಭೂಮಿಗಿಳಿದ.

ಆ ಸಿನಿಮಾ ಮಲಗಿದ್ದು ಏಳಲಿಲ್ಲ. ವರ್ಷಗಟ್ಟಲೆ ಬೇರೆಯವರ ಸಿನಿಮಾಗಳ ಮಾತು ತಿದ್ದಿದ. ಅಂದಿನಿಂದ ಯಾವ ಚಿತ್ರವನ್ನೇ ಆಗಲಿ ಪರದೆಗೆ ಬೆನ್ನು ಹಾಕಿ, ನೋಡುವವರನ್ನೇ ನೋಡುತ್ತ ಪರೀಕ್ಷಿಸುವುದು ರೂಢಿಯಾಯಿತು. ಗಡ್ಡ ಬೆಳ್ಳಗಾಗುವ ಹೊತ್ತಿಗೆ ನಿರ್ಮಾಪಕಿಯೊಬ್ಬಳು ಎರಡನೇ ಅವಕಾಶ ಕೊಟ್ಟಳು. ಷರತ್ತು ಒಂದೇ.

"ನೋಡುವಾಗ ನನ್ನ ಕೈ ಫೋನಿನ ಕಡೆ ಹೋಯ್ತೋ, ಕತ್ತರಿ ಬೇರೆಯವರ ಕೈಗೆ. ಆಮೇಲೆ ಸಿನಿಮಾ ನಂದು, ಹೆಸರು ಮಾತ್ರ ನಿಮ್ದು."

"ಆಗ್ಲಮ್ಮ, ಫೋನ್ ಚಾರ್ಜ್ ಮಾಡ್ಕೊಂಡೇ ಬನ್ನಿ" ಎಂದರು ಶಾಯರ್.

ಆ ಪರೀಕ್ಷೆಯ ದಿನ ಬಂತು. ಕೋಣೆಯಲ್ಲಿ ನಿರ್ಮಾಪಕಿ, ಅಕ್ಕ, ಗೋಷ್ಠಿಯ ಕಾಲದ ಕವಿಮಿತ್ರ, ನಮ್ಮ ಹಿರಿಯ ಸಂಕಲನಕಾರ, ಗುಂಡಿ ಒತ್ತಲು ನಾನು; ಎಂದಿನಂತೆ ಪರದೆಗೆ ಬೆನ್ನು ಹಾಕಿ ಶಾಯರ್. ಕಥೆ ನಿವೃತ್ತ ಬಸ್ ಕಂಡಕ್ಟರನದು. ಜಗಳವಾಡಿ ಮನೆ ಬಿಟ್ಟ ಮಗನಿಗಾಗಿ ಕಾಯುತ್ತಾನೆ. ಕೊನೆಗೊಂದು ದಿನ ಬಾಗಿಲು ಬಡಿದ ಸದ್ದಾದಾಗ ಅವನು ಶಾಯರರ ಹೆಸರುವಾಸಿ ದ್ವಿಪದಿಯನ್ನು ಹೇಳುತ್ತಾನೆ. ಕನ್ನಡದಲ್ಲಿ ಅದರ ಭಾವ ಇಷ್ಟು: ಬಾಗಿಲು ಬಡಿದವರು ಯಾರೆಂದು ನಾನು ಕೇಳಲಿಲ್ಲ, ನನ್ನವರೇ ಆಗಿದ್ದರೆ ಬಡಿಯುತ್ತಲೇ ಇರಲಿಲ್ಲ.

"ವಾಹ್!" ಎಂದು ಕವಿಮಿತ್ರ ಅರ್ಧ ಎದ್ದೇಬಿಟ್ಟ. ಶಾಯರ್ ಅವನನ್ನು ನೋಡಲಿಲ್ಲ. ಅಕ್ಕ ಕುರ್ಚಿಯಡಿ ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದಳು. ನಿರ್ಮಾಪಕಿಯ ಕೈ ಚೀಲದೊಳಗೆ ಇಳಿಯುತ್ತಿತ್ತು.

"ನಿಲ್ಸಪ್ಪಾ" ಎಂದರು ಶಾಯರ್ ನನಗೆ. ಆಮೇಲೆ ನಿರ್ಮಾಪಕಿಗೆ, "ಫೋನ್ ಇನ್ನೂ ಮುಟ್ಟಿಲ್ಲ ತಾನೆ? ಹತ್ತು ನಿಮಿಷ ಕೊಡಿ. ಈ ಪದ್ಯ ಕಿತ್ತು ಬಿಸಾಕ್ತೀನಿ."

"ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಕವಿಮಿತ್ರ ಕೂಗಾಡಿದ. "ನಿನ್ನ ಹೆಸರು ಉಳಿದಿರೋದೇ ಆ ಎರಡು ಸಾಲಲ್ಲಿ!"

"ಚಪ್ಪಲಿ ಹುಡುಕೋಕೆ ಅದು ಹಿನ್ನೆಲೆ ಸಂಗೀತ ಆಗೋಯ್ತಲ್ಲೋ" ಎನ್ನುತ್ತ ಶಾಯರ್ ಸಂಕಲನಕಾರನ ಪಕ್ಕ ಕೂತರು. ಎರಡೂ ಸಾಲು ಹೋದವು. ಉಳಿದದ್ದು ಬಾಗಿಲಿನ ಸದ್ದು, ಕೂತಲ್ಲೇ ಕೂತ ಮುದುಕ, ಮೌನ.

ಮತ್ತೆ ಓಡಿಸಿದೆ. ಮುದುಕ ಬಾಗಿಲನ್ನೇ ನೋಡುತ್ತಿದ್ದ. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಇದ್ದಕ್ಕಿದ್ದಂತೆ ಅಕ್ಕ ಪರದೆಗೇ ಗದರಿದಳು: "ಎದ್ದು ಬಾಗಿಲು ತೆಗಿಯೋ, ಹೆಡ್ಡ!" ಅದೇ ಹೊತ್ತಿಗೆ ಫೋನ್ ಗುಂಯ್ ಎಂದಿತು. ನಿರ್ಮಾಪಕಿ ಚೀಲವನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿದಳು, ಕಣ್ಣು ಪರದೆ ಬಿಡಲಿಲ್ಲ.

ದೀಪ ಹತ್ತಿದಾಗ ಅವಳು ಮೂಗು ಒರೆಸಿಕೊಂಡು, "ಕತ್ತರಿ ನಿಮ್ಮ ಹತ್ರಾನೇ ಇರ್ಲಿ" ಎಂದಷ್ಟೇ ಹೇಳಿ ಹೊರಟಳು. ಅಕ್ಕನೂ ಅವಳ ಹಿಂದೆಯೇ ಇಳಿದುಹೋದಳು, ಮುದುಕನಿಗೆ ಇನ್ನೂ ಬೈಯುತ್ತ.

ಕವಿಮಿತ್ರನ ಮುಖ ಮಾತ್ರ ಊದಿಕೊಂಡೇ ಇತ್ತು. ಮೆಟ್ಟಿಲ ಬಳಿ ಶಾಯರರನ್ನು ಅಡ್ಡಗಟ್ಟಿದ. ನಾನು ವೈರು ಸುತ್ತುವ ನೆಪದಲ್ಲಿ ಅಲ್ಲೇ ಕಿವಿಯಾಗಿದ್ದೆ.

"ಇವತ್ತಾದ್ರೂ ನಿಜ ಹೇಳು. ಕವಿತೆ ಕೈಕೊಡ್ತು ಅಂತ ತಾನೆ ನೀನು ಸಿನಿಮಾಕ್ಕೆ ಓಡಿ ಬಂದಿದ್ದು?"

"ಕವಿತೆ ಕೈಕೊಡ್ಲಿಲ್ಲ ಕಣೋ" ಎಂದರು ಶಾಯರ್. "ಅಲ್ಲಿ ಕೂತು ವಾಹ್ ಅನ್ನೋರು ನೀವು ನಲವತ್ತು ಜನ ಇದ್ರಿ. ಅಷ್ಟೇ ಜನ ನಂಗೆ ಸಾಕಾಗ್ಲಿಲ್ಲ."