ಗೇಟು ತಡವಾಗಿ ಇಳಿಸುವ ದಾಮೋದರ

ಮಾಂಟ್ ಕಿಯಾರಾ ಎಂಬ ಪರದೇಶದ ಸಿರಿವಂತ ಬಡಾವಣೆಯ ಆ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ನೇಪಾಳಿ ಕಾವಲುಗಾರ ದಾಮೋದರನ ಮೇಲಿದ್ದ ದೂರು ಒಂದೇ: ಕಾರು ಒಳಗೆ ಹೋದ ಮೇಲೂ ಅವನು ಗೇಟಿನ ಅಡ್ಡಗಂಬ ಇಳಿಸುವುದಿಲ್ಲ. ರಸ್ತೆಗಿಳಿದು, ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಚಾಚಿ ನೋಡಿಯೇ ಬಟನ್ ಒತ್ತುವನು. ನಾಯಿಗೂ ಏಸಿ ಹಾಕಿಸುವ ಆ ಜನಕ್ಕೆ ಈ ಅರ್ಧ ನಿಮಿಷ ದೊಡ್ಡ ತಲೆನೋವಾಗಿತ್ತು.

"ದಿನಾ ಇದೇ ಡ್ರಾಮಾ ಲಾ," ಎಂದು ನಿವಾಸಿಗಳ ಕಮಿಟಿಯ ತುಳಸಿ ಕಾರಿನೊಳಗೆ ಗಂಡನ ಹತ್ತಿರ ಅಲ್ಲಿನವರ ಧಾಟಿಯಲ್ಲೇ ಗೊಣಗಿದಳು. "ಸೆಕ್ಯೂರಿಟಿ ಅಂದ್ಮೇಲೆ ಗೇಟ್ ಕ್ಲೋಸ್ ಮಾಡೋಕೇನ್ರೀ ಕಷ್ಟ? ಜೊತೆಗೆ ಇನ್ನೊಬ್ಬನ್ನ ಹಾಕಿಸ್ತೀನಿ ತಡೀರಿ."

ಹಾಗೆ ಬಂದವನು ಲೋಕೇಶ. ಇಪ್ಪತ್ತನಾಲ್ಕರ ತರುಣ, ನೇಪಾಳದಲ್ಲಿ ದಾಮೋದರನ ಜಿಲ್ಲೆಯವನೇ. ಮೊದಲ ದಿನವೇ ಕೇಳಿದ:

"ಅಣ್ಣ, ನೀವು ಬಂಡಾಯದ ಸೇನೆಯಲ್ಲಿ ಇದ್ರಂತೆ. ನಮ್ಮಕ್ಕ ಚಂಪಾನೂ ಇದ್ಲು. ಹೆಣಾನೂ ಬರಲಿಲ್ಲ, ಸುದ್ದೀನೂ ಬರಲಿಲ್ಲ. ಅಮ್ಮ ಇನ್ನೂ ತಿಥಿ ಮಾಡಿಲ್ಲ. ನೀವು ಕಂಡಿದ್ರಾ?"

"ಇಲ್ಲಪ್ಪ," ಎಂದ ದಾಮೋದರ. ಸುಳ್ಳು. ಬಾಯಿಗೆ ಮೊದಲು ಬಂದದ್ದು ಅದೇ.

ಹತ್ತು ವರ್ಷದ ಹಿಂದೆ, ನೇಪಾಳದ ಅಂತರ್ಯುದ್ಧದಲ್ಲಿ, ಸರ್ಕಾರಿ ಠಾಣ್ಯವೊಂದರ ಮೇಲಿನ ದಾಳಿ ಕೈಕೊಟ್ಟು ಬಂಡಾಯದ ಸೇನೆ ಗಾಯಾಳುಗಳನ್ನು ಹೊತ್ತು ಹಿಂದೆಗೆದಿತ್ತು. ಬೆನ್ನಟ್ಟಿದ ಸೈನಿಕರನ್ನು ಹೊಳೆಯ ಬಳಿ ತಡೆದು ನಿಲ್ಲಿಸಲು ಎಂಟು ಜನರನ್ನು ಬಿಟ್ಟರು. ನಾಯಕ ದಾಮೋದರ. ಗಾಯಾಳುಗಳು ಎದುರಿನ ಗುಡ್ಡ ಹತ್ತಿದ ಮೇಲೆ ಸೀಟಿ ಊದುತ್ತಾರೆ. ಆಗ ಇವರೂ ದಾಟಿ ಹಗ್ಗದ ಸೇತುವೆ ಕಡಿಯಬೇಕು.

ಬೆಳಗಿನಿಂದ ಮಧ್ಯಾಹ್ನದವರೆಗೆ ತಡೆದರು. ಸೀಟಿ ಕೇಳಿದಾಗ ಉಳಿದಿದ್ದವರು ನಾಲ್ವರು. ಮೂವರು ದಾಟುವ ತನಕ ಚಂಪಾ ಬಂಡೆಯ ಮರೆಯಿಂದ ಗುಂಡು ಹಾರಿಸುತ್ತಿರಬೇಕು, ಆಮೇಲೆ ಅವಳು ಓಡಿ ಬರಬೇಕು, ಎಂದು ಹೇಳಿದ್ದು ದಾಮೋದರನೇ. ಅವಳು ಬಂಡೆ ಬಿಟ್ಟು ಎದ್ದಳು. ಅವಳ ಹಿಂದೆ ಸೈನಿಕರು ಕಂಡರು. ದಾಮೋದರನ ಕೈಯಲ್ಲಿ ಖುಕ್ರಿ ಕತ್ತಿ ಇತ್ತು.

ಆಗಲೇ ಹಗ್ಗ ಕಡಿಯದಿದ್ದರೆ ಗಾಯಾಳುಗಳು ಉಳಿಯುತ್ತಿರಲಿಲ್ಲ ಎಂದು ಎಲ್ಲರೂ ಬೆನ್ನು ತಟ್ಟಿದರು. ಇರಬಹುದು. ಬೆನ್ನು ತಟ್ಟಿದವರು ಸುಖವಾಗಿ ನಿದ್ದೆ ಮಾಡಿದರು, ಇವನು ಊರು ಬಿಡಬೇಕಾಯಿತು.

ಈಗ ಲೋಕೇಶ ತನ್ನ ಬುತ್ತಿಯಲ್ಲಿ ಪಾಲು ಕೊಡುತ್ತಿದ್ದ, ಬಾಯಿ ತುಂಬ ಅಣ್ಣ ಎನ್ನುತ್ತಿದ್ದ. ದಾಮೋದರನಿಗೆ ಇಕ್ಕಟ್ಟು: ಹೇಳಿದರೆ ಈ ಊರಲ್ಲಿ ತನ್ನವನೆಂದು ಇರುವ ಒಬ್ಬನೂ ಹೋಗುತ್ತಾನೆ. ಹೇಳದಿದ್ದರೆ ಆ ತಾಯಿ ಸಾಯುವ ತನಕ ಬಾಗಿಲು ನೋಡುತ್ತಾಳೆ. ಎಂಟು ದಿನ ತಡೆದುಕೊಂಡ. ಒಂಬತ್ತನೆಯ ದಿನ ಊಟದ ಬಿಡುವಿನಲ್ಲಿ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಮೇಜಿನ ಮುಂದೆ, ತಲೆ ಎತ್ತದೆ ಎಲ್ಲವನ್ನೂ ಹೇಳಿಬಿಟ್ಟ.

ಲೋಕೇಶ ಚಹಾದ ಲೋಟ ದೂರ ಸರಿಸಿದ. ಬಯ್ಯಲಿಲ್ಲ. ಫೋನ್ ತೆಗೆದು ಊರಿಗೆ ಹಚ್ಚಿ, "ಅಕ್ಕನ ಜೊತೆಗಿದ್ದವರು," ಎಂದು ತಾಯಿಗೆ ಹೇಳಿ, ದಾಮೋದರನ ಮುಂದೆ ಹಿಡಿದ. "ನೀವೇ ಹೇಳಿ."

ದಾಮೋದರ ಹೇಳಿದ. ಹಗ್ಗ ಕಡಿದವನು ತಾನೇ ಎಂಬುದನ್ನೂ ಹೇಳಿದ.

"ಕೂಗಿದ್ಲಾ?" ಎಂದಳು ತಾಯಿ.

"ಕೂಗಿದ್ಲಮ್ಮಾ."

"ಏನಂತ?"

"'ಅಣ್ಣ, ತಡಿ, ನಾನಿನ್ನೂ ಈ ಕಡೆ ಇದ್ದೀನಿ' ಅಂತ."